ಕೊನೆಯ ತಿರುವಿನ ಕಾಗೆಗಳು

ಬೈಂದೂರಿನ ಮೇಲಿನ ಬೋಳುಗುಡ್ಡೆಯಲ್ಲಿ ಆ ರೇಸ್ ಟ್ರ್ಯಾಕ್ ಗುರುತು ಮಾಡಿದವನಿಗೆ ಡ್ರೈವರುಗಳ ಮೇಲೆ ಏನೋ ಹಳೇ ಸಿಟ್ಟಿದ್ದಿರಬೇಕು. ಮೊದಲಿಗೆ ರಾಗಿ ಚೆಲ್ಲಿದ ಹಾಗೆ ಸಣ್ಣ ಜಲ್ಲಿ. ಸ್ಟೇರಿಂಗ್ ಒಂದು ಕಡೆ ತಿರುಗಿಸಿದರೆ ಕಾರು ಇನ್ನೊಂದು ಕಡೆ ಹೋಗುತ್ತದೆ. ಆಮೇಲೊಂದು ದಿಬ್ಬ. ಅದನ್ನು ಹಾರಿ ಇಳಿಯುವಾಗ ಇಂಜಿನ್ನಿನ ಹೊಟ್ಟೆ ನೆಲದ ಕೆಂಪು ಮುರಕಲ್ಲಿಗೆ ಬಡಿಯದಿದ್ದರೆ ಪುಣ್ಯ. ಮುಂದೆ ಉದ್ದದ ಇಳಿಜಾರು, ಅದರ ತುದಿಗೆ ಆ ಹಾಳು ತಿರುವು. ದೂರದಿಂದ ಅಗಲವಾಗಿ ಕಂಡು ಆಸೆ ಹುಟ್ಟಿಸುತ್ತದೆ, ಒಳಗೆ ನುಗ್ಗಿದ ಮೇಲೆ ಕಿರಿದಾಗುತ್ತದೆ. ಅದರಾಚೆ ಹಳೆಯ ಕಲ್ಲುಕೋರೆಯ ಹೊಂಡ. ನಡುವೆ ಇದ್ದದ್ದು ಒಂದು ಸಾಲು ಹಳೇ ಟಯರು ಮಾತ್ರ.

2012ರ ಏಪ್ರಿಲ್ಲಿನ ಆ ಮಧ್ಯಾಹ್ನ ಶ್ರೀಲತಾ ತನ್ನ ಹಳೆಯ ಮಾರುತಿಯಲ್ಲಿ ಕೂತು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು. ಅವಳಿಗೆ ಡ್ರೈವಿಂಗ್ ಕಲಿಸಿದ್ದು ಮೀನಿನ ಟೆಂಪೊ ಓಡಿಸುವ ಅಣ್ಣ ರತನ್. ಅವಳ ಹಿಂದೆಯೇ ಜಿಪ್ಸಿಯಲ್ಲಿ ಅವನ ಸರದಿ. ಒಬ್ಬರು ಅರ್ಧ ಸುತ್ತು ದಾಟಿದೊಡನೆ ಇನ್ನೊಬ್ಬರನ್ನು ಬಿಡುತ್ತಿದ್ದರು.

ಹಗ್ಗದ ಆಚೆ ಅಪ್ಪ ಹಿರಿಯಣ್ಣ ಊರುಗೋಲಿಗೆ ಭಾರ ಕೊಟ್ಟು ನಿಂತಿದ್ದ. ಕೆಲವು ವರ್ಷಗಳ ಹಿಂದೆ ಮರವಂತೆಯ ಹೆದ್ದಾರಿಯಲ್ಲಿ, ಮುಂದಿದ್ದ ಮೀನಿನ ಲಾರಿಯಿಂದ ಸೋರಿದ ನೀರಿಗೆ ಅವನ ಬೈಕು ಜಾರಿ ಒಂದು ಕಾಲು ಹೋಗಿತ್ತು. ಮಗಳು ಸ್ಟೇರಿಂಗ್ ಹಿಡಿದದ್ದನ್ನು ಅವನ ಮನಸ್ಸು ಒಪ್ಪಿರಲೇ ಇಲ್ಲ. ಅವಳ ಕಾರಿಗೆ ಒಮ್ಮೆಯೂ ಹತ್ತಿದವನಲ್ಲ. ಇವತ್ತೂ ಬಸ್ಸಿನಲ್ಲೇ ಬಂದಿದ್ದ.

ರತನ್ ಕಿಟಕಿಗೆ ಬಗ್ಗಿದ. "ಹೆಣೆ, ಕೊನಿ ತಿರ್ಗಾಸಲ್ ಬ್ರೇಕ್ ಬೇಗ ಹಿಡಿಬೇಡ. ಧೂಳ್ ಕೂಕಣ್ಲಿ ಅಂದೇಳಿ ಕುಷ್ಟನ ಹತ್ರ ಈಗಷ್ಟೇ ನೀರ್ ಹೊಯ್ಸಿದ್ದೆ. ಟಯರ್ ನೆಲ ಕಚ್ಕಂಡ್ ಹೋತ್. ನಾನೂ ಹಾಂಗೇ ಬತ್ತೆ."

ಕುಷ್ಟ ಅವರ ಟೆಂಪೊದಲ್ಲಿ ಮೀನಿನ ಬುಟ್ಟಿ ಏರಿಸಿ ಇಳಿಸುವವನು. ಕೆಲಸದಲ್ಲಿ ಕಳ್ಳತನ ಅವನಿಗೆ ಗೊತ್ತೇ ಇಲ್ಲ. ಶ್ರೀಲತಾ ತಲೆಯಾಡಿಸಿದಳು.

ಬಾವುಟ ಬಿತ್ತು. ಜಲ್ಲಿಯ ಮೇಲೆ ಕಾರು ಹಾವಿನಂತೆ ಹರಿದಾಡಿದರೂ ಅವಳ ಕೈ ಗಟ್ಟಿಯಾಗಿತ್ತು. ದಿಬ್ಬದಲ್ಲಿ ಹಾರಿ, ಹೊಟ್ಟೆ ಬಡಿಸಿಕೊಳ್ಳದೆ ಇಳಿದಳು. ಅಷ್ಟರವರೆಗಿನ ಓಟದಲ್ಲಿ ಗಡಿಯಾರದ ಲೆಕ್ಕಕ್ಕೆ ಎಲ್ಲರಿಗಿಂತ ಅವಳೇ ಮುಂದೆ ಎಂದು ಮೈಕಿನವನು ಗಂಟಲು ಹರಿದುಕೊಂಡ. ಇಳಿಜಾರಿನಲ್ಲಿ ಮಾರುತಿ ಇದ್ದ ಶಕ್ತಿಯನ್ನೆಲ್ಲ ಬಿಟ್ಟು ಓಡತೊಡಗಿತು.

ಆಗ ಕಂಡವು ಕಾಗೆಗಳು. ತಿರುವಿನ ಕೆಂಪು ನೆಲದಲ್ಲಿ ಒಂದು ಹಿಂಡೇ ಕೂತು ಕುಕ್ಕುತ್ತಿತ್ತು.

ಹುಲ್ಲೂ ಇಲ್ಲದ ಗುಡ್ಡೆಯ ಮೇಲೆ ಕಾಗೆಗಳಿಗೆ ಎಂಥ ಊಟ? ಮೀನಿನ ಮನೆಯಲ್ಲಿ ಹುಟ್ಟಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಕಡೆ ಅಣ್ಣನ ಮಾತು, ಇನ್ನೊಂದು ಕಡೆ ಕಾಗೆ. ಅಣ್ಣ ಇಂದಿನವರೆಗೆ ಅವಳಿಗೆ ಒಂದೂ ತಪ್ಪು ಹೇಳಿಕೊಟ್ಟವನಲ್ಲ.

ಒಣ ನೆಲ ಮುಗಿಯುವ ಮೊದಲೇ ಅವಳು ಬ್ರೇಕ್ ತುಳಿದಳು. ಗೆಲುವು ಅಲ್ಲಿಗೆ ಮುಗಿಯಿತು. ಕಾಗೆಗಳು ಕಿರುಚುತ್ತ ಎದ್ದುಹೋದವು. ನಡೆದುಹೋಗುವವನ ವೇಗಕ್ಕೆ ಇಳಿದಿದ್ದ ಕಾರು ಕೂಡ ಆ ಒದ್ದೆಯಲ್ಲಿ ಮೆಲ್ಲನೆ ಬಾಲ ತಿರುಗಿಸಿ ಟಯರುಗಳ ಸಾಲಿಗೆ ಒರಗಿತು. ಕಿಟಕಿಯಿಂದ ಇಣುಕಿದರೆ ಕೆಳಗೆ ಹೊಂಡದ ತಳ ಕಾಣುತ್ತಿತ್ತು.

ಬದುಕಿದೆ ಅನ್ನುವಷ್ಟರಲ್ಲಿ ದಿಬ್ಬದಾಚೆ ಜಿಪ್ಸಿಯ ಸದ್ದು ಕೇಳಿಸಿತು. ಕಾಗೆಗಳನ್ನು ತಾನೇ ಎಬ್ಬಿಸಿ ಓಡಿಸಿದ್ದಳು. ಅಣ್ಣನಿಗೆ ಎಚ್ಚರಿಕೆ ಹೇಳಲು ಇನ್ನು ಅಲ್ಲಿ ಏನೂ ಉಳಿದಿರಲಿಲ್ಲ.

ಅವಳು ಹೊರಗೆ ಹಾರಿದಳು, ಜಾರಿ ಮಂಡಿಯೂರಿ ಬಿದ್ದಳು, ಎದ್ದಳು. ತಿರುವಿನ ಬದಿಯ ಬಾವುಟದವನು ಕೊಡೆಯ ಕೆಳಗೆ ಬಾಯಿ ತೆರೆದುಕೊಂಡು ನಿಂತಿದ್ದ. ಅವನ ಕೈಯಿಂದ ಕೆಂಪು ಬಾವುಟ ಕಿತ್ತುಕೊಂಡು ಇಳಿಜಾರನ್ನು ಹತ್ತಿ ಓಡಿದಳು. ಜಿಪ್ಸಿ ದಿಬ್ಬ ಹಾರಿ ನೇರ ಅವಳ ಮೇಲೆಯೇ ಬರುತ್ತಿತ್ತು. ಅವಳು ಬದಿಗೆ ಸರಿಯಲಿಲ್ಲ. ಬ್ರೇಕು ಅರಚಿತು, ಧೂಳು ಕವಿಯಿತು. ಧೂಳು ಇಳಿದಾಗ ಜಿಪ್ಸಿಯ ಮೂತಿ ಅವಳ ಕೈಗೆ ಎಟಕುವಷ್ಟು ಹತ್ತಿರ ನಿಂತಿತ್ತು.

"ಹುಚ್ ಹಿಡಿತಾ ನಿಂಗೆ? ಗೆಲ್ತಿದ್ದೆ ಮಾರಾಯ್ತಿ!" ರತನ್ ಇಳಿಯುತ್ತಲೇ ಕೂಗಿದ.

"ಅಲ್ಲಿ ಹೋಯಿ ಕಾಲಿಟ್ ಕಾಣ್," ಅಂದಳು.

ಅವನು ಹೋದ. ಕಾಲಿಟ್ಟವನು ಅಂಗಾತ ಬಿದ್ದ. ಅಂಗಿಗೆ ಹತ್ತಿದ ಕೆಸರಿನಲ್ಲಿ ಬೂತಾಯಿ ಮೀನಿನ ಹುರುಪೆ ಹೊಳೆಯುತ್ತಿತ್ತು.

ಓಡಿಬಂದ ಕುಷ್ಟ ಕಕ್ಕಾಬಿಕ್ಕಿಯಾದ. "ಗುಡ್ಡಿ ಮೇಲ್ ನೀರ್ ಎಲ್ಲಿತ್? ಟೆಂಪೊದ್ ಡ್ರಮ್ಮಲ್ಲಿ ಮೀನಿನ್ ಐಸ್ ಕರ್ಗಿದ್ ನೀರ್ ಇತ್ತಲೆ, ಅದನ್ನೇ ಹೊಯ್ದೆ. ನಂಗೆಂತ ವಾಸ್ನಿ ಬರ್ಲಿಲ್ಲೆ."

ಅವನ ಮಾತು ಸುಳ್ಳಲ್ಲ. ಆ ವಾಸನೆ ಅಣ್ಣನಿಗೂ ಬಂದಿರಲಿಲ್ಲ, ಅವಳಿಗೂ ಬಂದಿರಲಿಲ್ಲ. ಹುಟ್ಟಿದಂದಿನಿಂದ ಅದನ್ನೇ ಉಸಿರಾಡಿದ ಮೂಗಿಗೆ ಅದು ಬರುವುದಾದರೂ ಹೇಗೆ?

ಹಿರಿಯಣ್ಣ ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆಗೆ ತಡವರಿಸುತ್ತ ಬಂದ. ಒದ್ದೆ ನೆಲದ ಅಂಚಿನಲ್ಲಿ ನಿಂತು ಊರುಗೋಲಿನ ತುದಿ ಇಟ್ಟು ನೋಡಿದ. ಅದು ಸರ್ರನೆ ಜಾರಿತು. ಮರವಂತೆಯಲ್ಲಿ ಅವನ ಬೈಕು ಜಾರಿದ್ದೂ ಇಂಥದೇ ನೀರಿಗೆ. ಆಮೇಲೆ ಕೆಸರಾದ ಮಗನನ್ನು ನೋಡಿದ, ಮಂಡಿ ಒಡೆದುಕೊಂಡ ಮಗಳನ್ನು ನೋಡಿದ. ಕಣ್ಣು ತುಂಬಿದ್ದನ್ನು ಮುಚ್ಚಿಡಲಿಲ್ಲ.

"ಅಪ್ಪ, ಬಸ್ಸಿಗೆ ಹೊತ್ತಾಯ್ತ್. ಸ್ಟ್ಯಾಂಡಿಗೆ ಅಣ್ಣ ಬಿಡ್ತ," ಅಂದಳು ಶ್ರೀಲತಾ. ಬೈಗುಳಕ್ಕೆ ಅವಳು ತಯಾರಾಗಿಯೇ ಇದ್ದಳು.

"ಬಸ್ಸಲ್ ನಾ ಬತ್ತಿಲ್ಲೆ," ಅಂದ ಹಿರಿಯಣ್ಣ.

ನಾಲ್ಕು ಜನ ಸೇರಿ ಮಾರುತಿಯನ್ನು ಒಣ ನೆಲಕ್ಕೆ ಎಳೆದು ತಂದ ಮೇಲೆ ಅವನು ಮುಂದಿನ ಬಾಗಿಲು ತೆರೆದು, ಊರುಗೋಲನ್ನು ಒಳಗಿಟ್ಟು, ಮಗಳ ಪಕ್ಕದ ಸೀಟಿನಲ್ಲಿ ಕೂತ.