ತುಂಬುತೋಳಿನ ಅಂಗಿ

ಗಿಡದ ತುಂಬ ಹೂ ಅರಳಿ ನಿಂತಿತ್ತು. ದ್ಯಾಮಕ್ಕ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಬೆಳಗಿನ ಹೊತ್ತು ಮಲ್ಲಿಗೆ ಮೊಗ್ಗಾಗಿರಬೇಕು, ಅರಳುವುದೇನಿದ್ದರೂ ಸಂಜೆಗೆ. ಕೈ ಹಾಕಿದಳು. ಬೆರಳಿಗೆ ಸಿಕ್ಕಿದ್ದು ಬಿಗಿ ಮೊಗ್ಗು. ಅದರ ಪಕ್ಕದ್ದೂ ಮೊಗ್ಗೇ. ಹದಿನೆಂಟು ವರ್ಷ ಹೂ ಬಿಡಿಸಿದ ಬೆರಳು ಸುಳ್ಳು ಹೇಳುವುದಿಲ್ಲ. ಹಾಗಾದರೆ ಮೊಗ್ಗಿನ ಸುತ್ತ ತೇಲುತ್ತಿದ್ದ ಆ ಬಿಳಿ ಎಸಳು ಎಲ್ಲಿಂದ ಬಂದವು?

ಎಡಗಣ್ಣು ಕೆಂಪಾಗಿ ಎಂಟು ದಿನವಾಗಿತ್ತು. ಗೀಜಿಲ್ಲ, ತುರಿಕೆಯಿಲ್ಲ, ಒಳಗೆಲ್ಲೋ ಆಳದಲ್ಲಿ ನೋವು. ಪಕ್ಕದ ಮನೆಯ ಬಾಣಂತಿ ಕಣ್ಣಿಗೆ ಎದೆಹಾಲು ಹಿಂಡಿದ್ದೂ ಆಗಿತ್ತು. ಬಿಸಿಲು ಕಂಡರೆ ಸೂಜಿ ಚುಚ್ಚಿದಂತೆ. ಜೊತೆಗೊಂದು ಕರಿ ನೊಣ, ನೋಡಿದಲ್ಲೆಲ್ಲ ಮುಂದೆ. ಓಡಿಸಲು ಹೋದರೆ ಕೈಗೆ ಬರೀ ಗಾಳಿ. ಅದು ಹೊರಗಿನದಲ್ಲ, ತನ್ನೊಳಗೇ ಕೂತಿದೆ ಎನಿಸಿದಾಗಿನಿಂದ ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

“ಯಾರಿಗೆ ಕೈ ಬೀಸಾಕತ್ತೀಯಲೇ?” ತೋಟದ ಒಡತಿ ಅನ್ನದಾನಮ್ಮ ಬದುವಿನ ಮೇಲೆ ನಿಂತಿದ್ದಳು. “ಈ ಸೆಕಿಯಾಗ ಆ ಅಂಗಿ ಬ್ಯಾರೆ. ಬಿಚ್ಚಿ ಒಗಿಬಾರದ?”

“ಹುಳ ಕಡೀತಾವ್ರೀ ಅಮ್ಮಾರ.”

ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಡುವುದು ಹೂ ಬಿಡಿಸುವ ಹೆಂಗಸರ ರೂಢಿಯೇ, ಯಾರಿಗೂ ಅನುಮಾನವಿರಲಿಲ್ಲ. ಆದರೆ ದ್ಯಾಮಕ್ಕನ ಅಂಗಿಯೊಳಗೆ ಏಳು ವರ್ಷದಿಂದ ಇದ್ದದ್ದು ಸೋರಿಯಾಸಿಸ್. ಮೊಣಕೈ ಸುತ್ತ ಕೆಂಪು, ಅದರ ಮೇಲೆ ಬೆಳ್ಳಿಯಂಥ ಹೊಟ್ಟು. ಅಂಟುರೋಗವಲ್ಲ ಎಂದು ಚರ್ಮದ ಡಾಕ್ಟರು ಹೇಳಿದ್ದರು. ಅದನ್ನು ಅನ್ನದಾನಮ್ಮನಿಗೆ ಯಾರು ಹೇಳಬೇಕು? ಮೊದಲ ಉಡಿ ಹೂ ಈಶ್ವರನ ಗುಡಿಗೆ ಹೋಗುವ ತೋಟ ಅದು. ಕೈಯಲ್ಲಿ ಕಜ್ಜಿ ಎದ್ದ ಶಿವಮ್ಮನನ್ನು ಹೋದ ವರ್ಷ ಒಂದೇ ಮಾತಿಗೆ ಕೆಲಸದಿಂದ ಬಿಡಿಸಿದ್ದಳು.

ಹಾಗಂತ ಅನ್ನದಾನಮ್ಮ ಕೆಟ್ಟವಳೇನಲ್ಲ. ದ್ಯಾಮಕ್ಕನ ಸೆರಗು ಸರಿಸಿ ಕಣ್ಣು ನೋಡಿದವಳೇ ತನ್ನ ಕಾರಿನಲ್ಲೇ ಹಡಗಲಿಯ ಕಣ್ಣಿನ ದವಾಖಾನೆಗೆ ಕರೆತಂದಳು.

ಅಲ್ಲಿ ಪಾಪೆ ಹಿಗ್ಗಲೆಂದು ಎರಡೂ ಕಣ್ಣಿಗೆ ಹನಿ ಬಿಟ್ಟು ಬೆಂಚಿನ ಮೇಲೆ ಕೂರಿಸಿದರು. ಅರ್ಧ ಗಂಟೆಯ ಮೇಲೆ ಅನ್ನದಾನಮ್ಮ ಬಗ್ಗಿ ನೋಡಿ, ತಟ್ಟನೆ ಹಿಂದೆ ಸರಿದಳು.

“ಯವ್ವಾ! ಬಲಗಣ್ಣಾಗ ಕರೇದು ದುಂಡಗೈತಿ. ಎಡಗಣ್ಣಾಗ… ಎಸಳು ಮೂಡ್ಯಾವಲೇ. ಹೂವಿನಂಗ.”

ದ್ಯಾಮಕ್ಕ ಅಂಗಿಯ ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಮುಚ್ಚಿಟ್ಟ ಕೈಯಿಂದ ದೇವರಿಗೆ ಹೋದ ಹೂವೇ ತಿರುಗಿ ಬಂತೇ?

ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. “ಪಾಪೆ ಅಂಚು ಅಲ್ಲಲ್ಲಿ ಹಿಂದಿನ ಮಸೂರಕ್ಕೆ ಅಂಟಿಕೊಂಡೈತಮ್ಮ. ಅಂಟಿದ ಕಡೆ ಹಿಗ್ಗಿಲ್ಲ, ಅದಕ್ಕೇ ಹಂಗ ಕಾಣ್ತೈತಿ. ಕಣ್ಣಿನ ಒಳಗೇ ಉರಿಯೂತ. ಎಷ್ಟೋ ಸಲ ಮೈಯಾಗಿನ ಬೇರೆ ಕಾಯಿಲೆ ಜೊತೆ ಬರ್ತೈತಿ. ಕೀಲುನೋವು ಐತೇನು? ಚರ್ಮದ ತೊಂದರೆ?”

ಅನ್ನದಾನಮ್ಮ ಪಕ್ಕದಲ್ಲೇ ಕೂತಿದ್ದಳು.

“ಇಲ್ರಿ.”

“ಸರಿಯಾಗಿ ಹೇಳ್ರಿ. ಮೂಲ ತಿಳೀದಿದ್ರೆ ಇದು ಇಳಿದಂಗೆ ಇಳಿದು ಮತ್ತೆ ಬರ್ತೈತಿ. ಇನ್ನೊಂದು ಕಣ್ಣಿಗೂ ಬರಬಹುದು. ದೃಷ್ಟಿ ಹೋದ್ರೆ ವಾಪಸ್ ತರೋಕಾಗಲ್ಲ.”

ದ್ಯಾಮಕ್ಕ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದಳು. ಬಲಗಣ್ಣಿನ ಮುಂದೆಯೂ ಬಿಳಿ ತೇಲಿತು. ಹನಿಯ ಮಂಜೋ, ಮತ್ತೇನೋ.

ಅಂಗಿಯ ತೋಳಿನ ಗುಂಡಿ ಬಿಚ್ಚಿ ಮೊಣಕೈ ದಾಟುವವರೆಗೂ ಮಡಿಚಿದಳು. ಡಾಕ್ಟರ ಮೇಜಿನ ಮೇಲೆ ಬಿಳಿ ಹೊಟ್ಟು ಉದುರಿತು.

“ಏಳು ವರ್ಷ ಆತ್ರಿ,” ಎಂದಳು.

ಅವಳು ಅನ್ನದಾನಮ್ಮನ ಕಡೆ ತಿರುಗಿದಳು. ಹನಿ ಹಾಕಿದ ಕಣ್ಣಿಗೆ ಮುಖ ಕಾಣಲಿಲ್ಲ. ನಿನ್ನೆ ತಾನೇ ಬಿಡಿಸಿಕೊಟ್ಟ ಮಲ್ಲಿಗೆಯ ದಂಡೆ ಮುಡಿಯಿಂದ ಹೆಗಲಿಗೆ ಇಳಿದಿದ್ದುದು ಮಾತ್ರ ಬೆಳ್ಳಗೆ ಉಬ್ಬಿ ಕಂಡಿತು. ಅದರತ್ತ ಮೆಲ್ಲಗೆ ಮೇಲೇರುತ್ತಿದ್ದ ಅನ್ನದಾನಮ್ಮನ ಕೈಯೂ; ಕಿತ್ತೆಸೆಯಲೋ, ಸರಿಮಾಡಿ ಮುಡಿಯಲೋ, ತಿಳಿಯಲಿಲ್ಲ.