ಹೊತ್ತಲ್ಲದ ಹೊತ್ತಿನ ಸೈರನ್

ನರಸಿಂಹರಾಜಪುರದ ಹಳೇ ಸಾಮಿಲ್ಲು ರಂಗಮಂದಿರವಾಗಿ ತೆರೆಯಲು ಒಂದೇ ದಿನ ಉಳಿದಿತ್ತು. ಗರಗಸವಿದ್ದಲ್ಲಿ ವೇದಿಕೆ ಎದ್ದಿತ್ತು. ದಿಮ್ಮಿ ಪೇರಿಸುತ್ತಿದ್ದ ಬಯಲು ತೋಟವಾಗಿ, ರಂಜದ ಗಿಡ, ದಾಸವಾಳ, ಕೂರಲು ಕಲ್ಲುಬೆಂಚು ಬಂದಿದ್ದವು. ಮಾಡಿನ ಮೇಲೆ ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡಿದ್ದ ಸೈರನ್ನನ್ನು ಶಿವಮೊಗ್ಗಕ್ಕೆ ಒಯ್ದು ರಿಪೇರಿ ಮಾಡಿಸಿದವನು ರಂಗಮಂದಿರ ಸಮಿತಿಯ ಕಾರ್ಯದರ್ಶಿ ಧರ್ಮೇಶ. ಮುಖ್ಯ ಅತಿಥಿಗಳು ದೀಪ ಹಚ್ಚುವ ಬದಲು ಸೈರನ್ ಊದಿಸಲಿ ಎಂಬ ಉಪಾಯವೂ ಅವನದೇ. ಸಭೆಯಲ್ಲಿ ಅವನ ಮಾತಿಗೆ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಧ್ಯಕ್ಷ ಸುಬ್ರಾಯರು, "ಒಂದ್ಸಲ ಊದಿಸಿ ನೋಡ ಮಾರಾಯ, ನಾಳೆ ಮರ್ಯಾದೆ ಹೋಗೋದು ಬೇಡ" ಎಂದರು.

ಧರ್ಮೇಶ ಗುಂಡಿ ಒತ್ತಿದ. ಸೈರನ್ ಮೊದಲು ಕೆಮ್ಮಿತು, ಆಮೇಲೆ ಊರೆಲ್ಲ ತುಂಬಿತು. ಅವನಿಗೆ ಮೈ ಜುಮ್ಮೆಂದು, ಬೆರಳು ತೆಗೆಯುವ ಮನಸ್ಸೇ ಬರಲಿಲ್ಲ.

ಸದ್ದು ಅಡಗುವ ಮೊದಲೇ ಹಿಂದಿನ ಕೇರಿಯಿಂದ ಶಂಕರಮ್ಮ ಬರಿಗಾಲಲ್ಲಿ ಓಡಿ ಬಂದಳು. ಎಪ್ಪತ್ತು ದಾಟಿದ ಮುದುಕಿ. ಮೊಣಕೈವರೆಗೆ ಹಲಸಿನ ಹಪ್ಪಳದ ಹಿಟ್ಟು.

"ಯಾರಿಗಾಯ್ತು?" ಗೇಟು ಹಿಡಿದು ಏದುಸಿರಲ್ಲಿ ಕೇಳಿದಳು. "ಯಾರಿಗಾಯ್ತು, ಹೇಳ್ರೋ!"

ಧರ್ಮೇಶ ಗೇಟಿನತ್ತ ಧಾವಿಸಿದ. ಅವನಿಗೆ ಗೊತ್ತಿತ್ತು. ಕೆಲಸ ಶುರುವಾಗುವಾಗ, ಊಟಕ್ಕೆ, ಬಿಡುವಾಗ ಊದುತ್ತಿದ್ದ ಸೈರನ್ ಬೇರೆ ಹೊತ್ತಿಗೆ ಊದಿತೆಂದರೆ ಯಾರೋ ಗರಗಸಕ್ಕೆ ಸಿಕ್ಕರೆಂದೇ ಅರ್ಥ. ಅವನು ಹುಟ್ಟಿದ್ದೂ ಅದೇ ಕೇರಿಯಲ್ಲಿ, ಬಿಟ್ಟು ಬಂದು ವರ್ಷಗಳಾಗಿದ್ದವು ಅಷ್ಟೇ. ಚಿಕ್ಕಂದಿನಲ್ಲಿ ಅವ್ವನ ಸೆರಗು ಹಿಡಿದು ಹಾಗೇ ಓಡಿದ್ದ. ಒಮ್ಮೆ ಗರಗಸಕ್ಕೆ ಸಿಕ್ಕವನು ಶಂಕರಮ್ಮನ ಗಂಡನಾಗಿದ್ದ. ಮಿಲ್ಲಿನಲ್ಲೇ ದುಡಿಯುತ್ತಿದ್ದ ತನ್ನಪ್ಪ ಬದುಕಿದ್ದಾನೆಂದು ಧರ್ಮೇಶ ಅಲ್ಲೇ ಕುಣಿದಿದ್ದ. ಇಷ್ಟೆಲ್ಲ ಒಂದು ಚಪ್ಪಾಳೆಯಲ್ಲಿ ಮರೆತುಹೋಗಿತ್ತು.

"ಎಂತ ಆಗಿಲ್ಲಮ್ಮ, ಟೆಸ್ಟಿಂಗ್!" ಸುಬ್ರಾಯರು ನಕ್ಕರು. "ನೋಡ ಧರ್ಮೇಶ, ಒಂದೇ ಕೂಗಿಗೆ ಜನ ಓಡಿ ಬಂದ್ರು. ನಾಳೆ ಹೌಸ್‌ಫುಲ್!"

ಧರ್ಮೇಶನೂ ನಕ್ಕುಬಿಟ್ಟ. ಆ ನಗು ಅವನ ಕಿವಿಗೇ ಅಸಹ್ಯವಾಗಿ ಕೇಳಿತು.

ಶಂಕರಮ್ಮನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ.

"ನಂಗೇ ಬುದ್ಧಿ ಇಲ್ಲ ತಮ್ಮ. ಮಿಲ್ಲು ನಿಂತು ಯಾವ ಕಾಲ ಆಯ್ತು! ಕಾಲು ಕೇಳ್ಬೇಕಲ್ಲ," ಎಂದಳು, ತಪ್ಪು ತನ್ನದೇ ಎಂಬಂತೆ. "ನಾಳೆನೂ ಊದ್ತೀರಾ? ಎಷ್ಟು ಹೊತ್ತಿಗೆ ಅಂತ ಹೇಳು. ಅದ್ರೊಳಗೆ ಬಸ್ ಹತ್ತಿ ಭಂಡಿಗಡಿಗೆ, ತಂಗಿ ಮನೆಗೆ ಹೋಗಿಬಿಡ್ತೀನಿ."

ಧರ್ಮೇಶ ಎದ್ದು ಸುಬ್ರಾಯರ ಹತ್ತಿರ ಹೋದ. "ನಾಳೆ ಸೈರನ್ ಬೇಡ ಸಾರ್. ದೀಪಾನೇ ಹಚ್ಚಿಸೋಣ."

"ತಲೆಗಿಲೆ ಕೆಟ್ಟಿದ್ಯನ? ಐಡಿಯಾ ನಿಂದೇ ಅಲ್ವಾ?"

"ನಂದೇ. ಅದ್ಕೇ ಬೇಡ ಅಂತಿರೋದು."

"ಹಂಗಾದ್ರೆ ಅತಿಥಿಗಳಿಗೆ ನೀನೇ ಹೇಳ್ಕೋ."

"ಹೇಳ್ತೀನಿ," ಎಂದ. ಹೇಗೆಂದು ಹೊಳೆಯಲಿಲ್ಲ. ಸೈರನ್ನಿನ ವೈರು ಬಿಚ್ಚಿ, ಶಂಕರಮ್ಮನ ತೋಳು ಹಿಡಿದು ಮನೆಗೆ ಬಿಡಲು ಹೊರಟ.

ಓಡಲಾರದವರೆಲ್ಲ ಕೇರಿಯುದ್ದಕ್ಕೂ ಜಗಲಿಗೆ ಬಂದು ನಿಂತಿದ್ದರು.

"ಯಾರಿಗಂತೆ?" ಮೊದಲ ಮನೆಯ ಮುದುಕಿ ಕೇಳಿದಳು.

"ಯಾರಿಗೂ ಇಲ್ಲ ಅಮ್ಮ. ನಾನೇ ಸುಮ್ನೆ ಊದ್ಸಿದ್ದು."

ಮುಂದಿನ ಮನೆಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಕಂಬ ಹಿಡಿದು ನಿಂತಿದ್ದ ಕಮಲಕ್ಕ ಅವನನ್ನು ದಿಟ್ಟಿಸಿದಳು. "ಯಾರ ಮಗನಾ ನೀನು?"

ಅಪ್ಪನ ಹೆಸರು ಹೇಳಿದ.

"ಈ ಕೇರಿಯವನೇ!" ಎಂದಳು ಕಮಲಕ್ಕ. ಬೈಯಲೂ ಇಲ್ಲ.

ಧರ್ಮೇಶ ತಲೆ ತಗ್ಗಿಸಿಕೊಂಡು ಪಕ್ಕದ ಜಗಲಿಯತ್ತ ನಡೆದ.