ಸುಜಾತಾಳ ಜರ್ಮನ್ ಪರೀಕ್ಷೆ

ನಿಪ್ಪಾಣಿ ಬಸ್ ಸ್ಟ್ಯಾಂಡಿನ ಎದುರಿಗೆ, ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಮುಬೀನಾ ನದಾಫ ಜರ್ಮನ್ ಭಾಷೆ ಕಲಿಸುತ್ತಾಳೆ. ಪುಣೆಯಲ್ಲಿ ಓದಿ, ಅಲ್ಲಿನ ಒಂದು ಕಾರ್ಖಾನೆಯಲ್ಲಿ ಆರು ವರ್ಷ ದುಭಾಷಿಯಾಗಿದ್ದವಳು. ತಾಯಿಯ ಮೊಣಕಾಲಿನ ಆಪರೇಶನ್ನಿಗೆಂದು ಊರಿಗೆ ಬಂದಳು, ಇಲ್ಲೇ ಉಳಿದಳು. ಅವಳ ಬಳಿ ಬರುವವರೆಲ್ಲ ಹೆಚ್ಚುಕಡಿಮೆ ನರ್ಸಿಂಗ್ ಮುಗಿಸಿದವರೇ. ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ ಸಿಗಬೇಕೆಂದರೆ ಭಾಷೆಯ ಪರೀಕ್ಷೆ ಪಾಸಾಗಬೇಕು. ಓದುವುದು, ಬರೆಯುವುದು, ಕೇಳುವುದು, ಮಾತಾಡುವುದು ಅಂತ ನಾಲ್ಕು ಭಾಗ, ಪ್ರತಿಯೊಂದರಲ್ಲೂ ನೂರಕ್ಕೆ ಅರವತ್ತು ಬರಬೇಕು.

ಆ ವರ್ಷದ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವಳು ಬೋರಗಾಂವದ ಸುಜಾತಾ. ಇಪ್ಪತ್ನಾಲ್ಕು ವರ್ಷ. ಅಪ್ಪ ಭಾವುಸಾಹೇಬನಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್. ಜರ್ಮನ್ನಿನಲ್ಲಿ ಪ್ರತಿ ವಸ್ತುವಿಗೂ ಒಂದು ಲಿಂಗ ಇರುತ್ತದೆ. ಮೇಜು ಗಂಡು, ದೀಪ ಹೆಣ್ಣು, ಪುಸ್ತಕ ಎರಡೂ ಅಲ್ಲ. ಇದಕ್ಕೆ ಯಾವ ತರ್ಕವೂ ಇಲ್ಲವೆಂದು ಉಳಿದವರು ತಲೆ ಕೆಡಿಸಿಕೊಂಡರೆ, ಸುಜಾತಾ ಸುಮ್ಮನೆ ಬಾಯಿಪಾಠ ಮಾಡಿ ಮುಗಿಸುತ್ತಿದ್ದಳು. ಅವಳ ನೋಟ್‌ಬುಕ್ಕಿನಲ್ಲಿ ಒಂದು ತಪ್ಪೂ ಸಿಗುತ್ತಿರಲಿಲ್ಲ. ಆದರೆ ಎದ್ದು ನಿಂತು ಮಾತಾಡು ಅಂದರೆ ನೆಲ ನೋಡುತ್ತ ನಿಂತುಬಿಡುತ್ತಿದ್ದಳು.

ಮುಬೀನಾ ಇದನ್ನು ದೊಡ್ಡದು ಮಾಡಲಿಲ್ಲ. ಪಾಠ ಗೊತ್ತಿದ್ದರೆ ಮಾತು ತಾನೇ ಬರುತ್ತದೆ ಎಂದು ಅವಳ ನಂಬಿಕೆ. ಪರೀಕ್ಷೆಯಲ್ಲಿ ಬರಬಹುದಾದ ಸಂಭಾಷಣೆಗಳನ್ನು ಬರೆಸಿ ಕಂಠಪಾಠ ಮಾಡಿಸಿ ಕಳಿಸಿದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಸುಜಾತಾಳಿಗೆ ಓದಿನಲ್ಲಿ ತೊಂಬತ್ತೊಂದು, ಬರಹದಲ್ಲಿ ಎಂಬತ್ತೆಂಟು, ಕೇಳುವುದರಲ್ಲಿ ಎಪ್ಪತ್ತು, ಮಾತಿನಲ್ಲಿ ಮೂವತ್ತೊಂಬತ್ತು. ಮಾತಿನ ಪರೀಕ್ಷೆ ಇಬ್ಬಿಬ್ಬರಿಗೆ, ಜೊತೆಗೆ ಕೂತಿದ್ದ ಅಭ್ಯರ್ಥಿ ಪಾಠದಲ್ಲಿಲ್ಲದ ಏನನ್ನೋ ಕೇಳಿದನಂತೆ. ಇವಳಿಗೆ ತಿಳಿಯಲಿಲ್ಲ. ತಿಳಿದವಳಂತೆ ಸುಮ್ಮನೆ ತಲೆ ಆಡಿಸಿದಳು. ಮತ್ತೆ ಕೇಳಿದ, ಮತ್ತೆ ತಲೆ ಆಡಿಸಿದಳು. ಅಲ್ಲಿಗೆ ಮುಗಿಯಿತು. ಮರುದಿನದಿಂದ ಅವಳು ಕ್ಲಾಸಿಗೆ ಬರುವುದನ್ನು ಬಿಟ್ಟಳು.

ಎರಡು ವಾರ ಕಾದು, ಫೋನಿಗೂ ಉತ್ತರ ಬರದಿದ್ದಾಗ, ಒಂದು ಗುರುವಾರ ಬೆಳಿಗ್ಗೆ ಮುಬೀನಾ ಬೋರಗಾಂವದ ಬಸ್ ಹತ್ತಿದಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸುಜಾತಾಳ ಅವ್ವ ಬಾಗಿಲಿಗೆ ಬಂದು, "ಬರ್ರಿ ಮೇಡಂ, ಒಳಗ ಬರ್ರಿ. ಅಕಿ ಹಿಂದ ಮಗ್ಗದಾಗ ಅದಾಳ. ಕರದ್ರ ಕೇಳಸೂದಿಲ್ಲ, ನೀವ ನಡೀರಿ," ಎಂದು ಹಿತ್ತಲಿನ ದಾರಿ ತೋರಿಸಿದಳು.

ಶೆಡ್ಡಿನ ಬಾಗಿಲಲ್ಲಿ ನಿಂತ ಮುಬೀನಾಳಿಗೆ ತನ್ನ ಉಸಿರೂ ಕೇಳಿಸದಷ್ಟು ಸದ್ದು. ನಾಲ್ಕೂ ಮಗ್ಗ ಓಡುತ್ತಿದ್ದವು. ಈ ತುದಿಯಲ್ಲಿ ಸುಜಾತಾ, ಆ ತುದಿಯಲ್ಲಿ ಭಾವುಸಾಹೇಬ. ಅವನು ತುಟಿ ಆಡಿಸಿ, ಬೆರಳು ಸುತ್ತಿಸಿ ಏನೋ ಹೇಳಿದ. ಸುಜಾತಾಳಿಗೆ ತಿಳಿಯಲಿಲ್ಲ. ಕಿವಿಯ ಹತ್ತಿರ ಕೈ ಇಟ್ಟು ಮತ್ತೊಮ್ಮೆ ಹೇಳೆಂದು ಸನ್ನೆ ಮಾಡಿದಳು. ಅವನು ಇನ್ನೊಮ್ಮೆ ಹೇಳಿದ. ಅವಳು ಪಕ್ಕದ ಬುಟ್ಟಿಯಿಂದ ನೂಲು ಸುತ್ತಿದ ಒಂದು ಕಾಂಡಿ ಎತ್ತಿ, ಇದೇನಾ ಅಂತ ತೋರಿಸಿದಳು. ಅವನು ಕೈ ಆಡಿಸಿ ಅದಲ್ಲ ಅಂದ. ಬಿಳಿಯದನ್ನು ಇಟ್ಟು ನೀಲಿಯದನ್ನು ಎತ್ತಿದಳು, ಹೌದು ಅಂದ. ಎರಡು ಬೆರಳು ತೋರಿಸಿದಳು. ಅವನು ಮೂರು ತೋರಿಸಿದ. ಮೂರು ನೀಲಿ ಕಾಂಡಿ ತೆಗೆದುಕೊಂಡು ಹೋಗಿ ಕೊಟ್ಟು ಬಂದಳು. ನಾಚಿಕೆಯಿಲ್ಲ, ಗಾಬರಿಯಿಲ್ಲ. ಎಲ್ಲ ಸೇರಿ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

ಮುಬೀನಾ ಅಲ್ಲೇ ನಿಂತು ನೋಡಿದಳು. ಈ ಹುಡುಗಿಗೆ ಮಾತಾಡಲು ಬರುವುದಿಲ್ಲವೆಂದು ತಾನು ತಿಳಿದದ್ದು ಎಷ್ಟು ತಪ್ಪು ಅನ್ನಿಸಿತು. ತಿಳಿಯದಿದ್ದರೆ ಮತ್ತೆ ಕೇಳಬೇಕು, ಕೇಳಿದ್ದು ಸರಿಯೇ ಅಂತ ನೋಡಿಕೊಳ್ಳಬೇಕು ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಕ್ಲಾಸಿನಲ್ಲಿ ಮಾತ್ರ ಹಾಗೆ ಕೇಳುವುದು ದಡ್ಡರ ಲಕ್ಷಣವಾಗಿತ್ತು. ಕಂಠಪಾಠ ಮಾಡಿಸಿ, ತಪ್ಪಿದಲ್ಲೆಲ್ಲ ತಡೆದು ಅದನ್ನು ಹಾಗೆ ಮಾಡಿದವಳು ತಾನೇ.

ಮಗ್ಗ ನಿಲ್ಲಿಸಿ ಎಲ್ಲರೂ ಚಹಾಕ್ಕೆ ಕೂತಾಗ ಭಾವುಸಾಹೇಬ ನೇರವಾಗಿ ಕೇಳಿದ. "ಮೇಡಂ, ಖರೇ ಹೇಳ್ರಿ. ಅಕಿ ಕಡಿಂದ ಆಗ್ತೈತೋ ಇಲ್ಲೋ? ಆಗೂದಿಲ್ಲಂದ್ರ ಇಲ್ಲೇ ಯಾವುದರ ದವಾಖಾನಿ ನೋಡೂಣು. ಅದರಾಗೇನ ನಾಚಿಕಿ ಇಲ್ಲ."

"ಅಕಿ ಕಡಿಂದ ಆಗ್ತೈತ್ರಿ ಕಾಕಾ," ಎಂದಳು ಮುಬೀನಾ. "ನಾ ಕಲಿಸಿದ್ದ ಅರ್ಧಾ ಆಗಿತ್ತು. ಇನ್ನೊಂದ ಅರ್ಧಾ ಕಲಸ್ತೀನಿ, ಕಳಸ್ರಿ."

ಸುಜಾತಾ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಆದರೆ ಸೋಮವಾರ ಕ್ಲಾಸಿಗೆ ಬಂದಳು.

ಅಂದು ಮುಬೀನಾ ಪುಸ್ತಕ ತೆರೆಯಲಿಲ್ಲ. ತನ್ನ ಕಾರ್ಖಾನೆಯ ಮೊದಲ ತಿಂಗಳಿನ ಕಥೆ ಹೇಳಿದಳು. ಜರ್ಮನ್ ಎಂಜಿನಿಯರ್ ಒಬ್ಬ ಫೋನಿನಲ್ಲಿ ಸಭೆಯ ಹೊತ್ತು ಹೇಳಿದ್ದ, "ಹಾಲ್ಬ್ ದ್ರೈ." ಹಾಲ್ಬ್ ಎಂದರೆ ಅರ್ಧ, ದ್ರೈ ಎಂದರೆ ಮೂರು. ಅವಳು ಮೂರೂವರೆ ಎಂದು ತಿಳಿದು ಎಲ್ಲರಿಗೂ ಹೇಳಿಬಿಟ್ಟಳು. ಅವರ ಲೆಕ್ಕದಲ್ಲಿ ಅದು ಮೂರಕ್ಕೆ ಅರ್ಧ ಕಡಿಮೆ, ಅಂದರೆ ಎರಡೂವರೆ. ಆ ಮನುಷ್ಯ ಒಂದು ತಾಸು ಒಬ್ಬನೇ ಕೂತಿದ್ದ.

"ಪಾಠದಾಗ ಓದಿದ್ದೆ. ಗಡಿಬಿಡಿಯೊಳಗ ನೆಪ್ಪ ಆಗಲಿಲ್ಲ. ಎರಡೂವರೆನೋ ಮೂರೂವರೆನೋ ಅಂತ ಒಂದ ಮಾತ ಕೇಳಿದ್ರ ಮುಗೀತಿತ್ತು. ಕೇಳಾಕ ನಾಚಿಕಿ ಬಂತು," ಎಂದಳು ಮುಬೀನಾ. "ನಾಳೆ ನಿಮ್ಮ ಮುಂದ ಪೇಶಂಟ್ ಇರ್ತಾನು. ಎಲ್ಲಿ ನೋವು ಅಂತ ಹೇಳ್ತಾನು. ತಿಳೀದ ತಲಿ ಆಡಿಸಿದ್ರ ಏನಾಗ್ತೈತಿ, ನಿಮಗ ನನಗಿಂತ ಚಲೋ ಗೊತ್ತೈತಿ."

ಮೇಡಂ ತಪ್ಪು ಮಾಡಿದ್ದನ್ನು ಅವರು ಮೊದಲ ಸಲ ಕೇಳಿದ್ದು.

ಬಳಿಕ ಅವಳು ಬೋರ್ಡಿನ ಮೇಲೆ ಜರ್ಮನ್ನಿನಲ್ಲಿ ಮೂರೇ ವಾಕ್ಯ ಬರೆದಳು. ದಯವಿಟ್ಟು ಇನ್ನೊಮ್ಮೆ ಹೇಳಿ. ಸ್ವಲ್ಪ ನಿಧಾನವಾಗಿ. ನೀವು ಹೇಳಿದ್ದು ಹೀಗೇನಾ? ಬಸ್ ಸ್ಟ್ಯಾಂಡಿನ ಕಡೆಯ ಕಿಟಕಿಗಳನ್ನೆಲ್ಲ ತೆರೆಸಿದಳು. ಹಾರ್ನು, ಕಂಡಕ್ಟರರ ಕೂಗು ಎಲ್ಲ ಒಳಗೆ ಬಂತು. ಇಬ್ಬಿಬ್ಬರನ್ನು ಕೋಣೆಯ ಎರಡು ಗೋಡೆಗೆ ನಿಲ್ಲಿಸಿ, ಒಬ್ಬರ ಕೈಗೆ ರೋಗಿಯ ವಿವರದ ಚೀಟಿ ಕೊಟ್ಟಳು. ಇನ್ನೊಬ್ಬರು ಕೇಳಿ ಕೇಳಿ ಅದನ್ನು ಸರಿಯಾಗಿ ಬರೆದುಕೊಳ್ಳಬೇಕು.

ಚಿಕ್ಕೋಡಿಯ ಸುಮೇಧ ಕೈ ಎತ್ತಿದ. "ಮೇಡಂ, ಇಷ್ಟೆಲ್ಲಾ ಮತ್ತ ಮತ್ತ ಕೇಳಿದ್ರ ಪರೀಕ್ಷಾದಾಗ ಮಾರ್ಕ್ಸ್ ಕಟ್ ಮಾಡೂದಿಲ್ಲೇನ್ರಿ?"

"ಕೇಳಿದ್ದಕ್ಕ ಮಾಡೂದಿಲ್ಲ. ಬಾಯಿ ಮುಚಗೊಂಡ ಕುಂತ್ರ ಮಾಡ್ತಾರ."

ಜರ್ಮನ್ನಿನಲ್ಲಿ ದಯವಿಟ್ಟು ಎನ್ನುವುದಕ್ಕೆ "ಬಿಟ್ಟೆ" ಎನ್ನುತ್ತಾರೆ. ಸುಮೇಧ ಗದ್ದಲದ ನಡುವೆ "ಬಿಟ್ಟೆ, ಬಿಟ್ಟೆ" ಎಂದು ಕೂಗಿದಾಗ ಈಚೆ ಗೋಡೆಯಿಂದ ಸುಜಾತಾ, "ಏನ ಬಿಟ್ಟಿಯೋ ಮಾರಾಯಾ, ಮದ್ಲ ಅದನ್ನ ಹೇಳು," ಎಂದಳು. ಕ್ಲಾಸೆಲ್ಲ ನಕ್ಕಿತು. ಅವಳೂ ನಕ್ಕಳು. ಆ ದಿನ ಅವಳು ಹದಿನಾಲ್ಕು ಪ್ರಶ್ನೆ ಕೇಳಿದ್ದನ್ನು ಮುಬೀನಾ ಎಣಿಸಿದಳು.

ಹೀಗೆ ಮೂರು ತಿಂಗಳು ನಡೆಯಿತು. ವ್ಯಾಕರಣ ಕೆಲವೊಮ್ಮೆ ಕೆಡುತ್ತಿತ್ತು. ಮೇಜು ಹೆಣ್ಣಾಗುತ್ತಿತ್ತು, ದೀಪ ಗಂಡಾಗುತ್ತಿತ್ತು. ಮುಬೀನಾ ಅದನ್ನು ನಡುವೆ ತಡೆದು ತಿದ್ದುವುದನ್ನು ಬಿಟ್ಟು, ಮಾತು ಮುಗಿದ ಮೇಲೆ ಹೇಳುವುದನ್ನು ರೂಢಿ ಮಾಡಿಕೊಂಡಳು. ಅದು ಅವಳಿಗೆ ಸುಲಭವಾಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಸುಜಾತಾ ಪುಣೆಯಲ್ಲಿ ಮತ್ತೆ ಪರೀಕ್ಷೆಗೆ ಕೂತಳು. ಜೊತೆಗಾತಿಯಾಗಿ ಬಂದವಳು ಕೇರಳದ ಬಿನ್ಸಿ. ಆಸ್ಪತ್ರೆಯಲ್ಲಿರುವ ಗೆಳತಿಯನ್ನು ನೋಡಲು ಹೋಗುವ ಬಗ್ಗೆ ಇಬ್ಬರೂ ಜರ್ಮನ್ನಿನಲ್ಲಿ ಮಾತಾಡಿ ಗೊತ್ತು ಮಾಡಬೇಕಿತ್ತು. ಸುಜಾತಾ ಯಾವ ದಿನ ಹೋಗೋಣ ಎಂದು ಕೇಳಿದಳು. ಬಿನ್ಸಿ ಬಾಯಿ ತೆರೆದಳು, ಮಾತು ಬರಲಿಲ್ಲ. ನೆಲ ನೋಡತೊಡಗಿದಳು. ಮೇಜಿನ ಆಚೆ ಕೂತಿದ್ದ ಇಬ್ಬರು ಪರೀಕ್ಷಕರು ಹಾಳೆಯಲ್ಲಿ ಏನೋ ಬರೆದುಕೊಂಡರು.

ಆ ಮುಖ ಸುಜಾತಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು ನಿಧಾನವಾಗಿ ಕೇಳಿದಳು. ಶನಿವಾರವೋ, ಭಾನುವಾರವೋ? ಬಿನ್ಸಿ ಪಿಸುದನಿಯಲ್ಲಿ ಏನೋ ಅಂದಳು. ಭಾನುವಾರ ಅಂದೆಯಾ? ಹೌದು. ಬಸ್ಸಿಗೋ, ರೈಲಿಗೋ? ರೈಲಿಗೆ. ಹೂವು ಒಯ್ಯೋಣವೇ? ಬಿನ್ಸಿ ಬೇಡವೆಂದು ತಲೆ ಆಡಿಸಿದಳು. ಯಾಕೆ ಬೇಡ? ಆಗ ಬಿನ್ಸಿ ತಲೆ ಎತ್ತಿ ಪೂರ್ತಿ ಒಂದು ವಾಕ್ಯ ಹೇಳಿದಳು. ಗೆಳತಿಗೆ ಹೂವಿನಿಂದ ಸೀನು ಬರುತ್ತದೆ, ಹಣ್ಣು ಒಯ್ಯೋಣ. ಅಲ್ಲಿಂದ ಮುಂದೆ ಇಬ್ಬರೂ ಮಾತಾಡಿದರು.

ಫಲಿತಾಂಶದ ದಿನ ಸುಜಾತಾ ಫೋನ್ ಮಾಡಿದಾಗ ಮುಬೀನಾ ತಾಯಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. "ಮೇಡಂ, ಮಾತಿನ್ಯಾಗ ಎಪ್ಪತ್ತೇಳ ಬಂದೈತ್ರಿ. ಬಿನ್ಸಿಗೆ ಅರವತ್ತಮೂರು. ಅಕೀನೂ ಪಾಸ್."

"ಚಲೋ ಆತು," ಎಂದಳು ಮುಬೀನಾ. ಕಣ್ಣು ಒದ್ದೆಯಾದವು. ಕೈಗೆ ಎಣ್ಣೆಯಾಗಿದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಜರ್ಮನಿಗೆ ಹೋಗುವ ಕಾಗದಪತ್ರ ಬರಲು ಇನ್ನೂ ನಾಲ್ಕು ತಿಂಗಳು ಇತ್ತು. ಅಷ್ಟು ದಿನ ಸುಜಾತಾ ವಾರಕ್ಕೆರಡು ದಿನ ನಿಪ್ಪಾಣಿಗೆ ಬಂದು ಹೊಸಬರಿಗೆ ಮೊದಲ ಪಾಠ ಹೇಳಿಕೊಡುತ್ತಿದ್ದಳು. ಮುಬೀನಾ ಹಿಂದಿನ ಬೆಂಚಿನಲ್ಲಿ ಕೂತು ಭಡಂಗ ಎಂಬ ಖಾರದ ಚುರುಮುರಿ ತಿನ್ನುತ್ತ ಕೇಳುತ್ತಿದ್ದಳು. ಒಂದು ದಿನ ರಾಯಬಾಗದಿಂದ ಬಂದ ಹೊಸ ಹುಡುಗಿಯೊಬ್ಬಳು ತನ್ನ ಹೆಸರು, ಊರು, ಮನೆಯಲ್ಲಿರುವ ಎಮ್ಮೆಗಳ ಸಂಖ್ಯೆ ಎಲ್ಲವನ್ನೂ ಒಂದೇ ಉಸಿರಿಗೆ ತಪ್ಪುತಪ್ಪಾಗಿ ಹೇಳಿ ಕೂತಳು. ಸುಜಾತಾ ತಿದ್ದಲಿಲ್ಲ. ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಜರ್ಮನ್ನಿನಲ್ಲೇ ಕೇಳಿದಳು. ಹುಡುಗಿ ಮತ್ತೆ ಎದ್ದು ನಿಂತಳು.